ಮೊದಲು ಯಾರು ತೋಳು ಮಡಚಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದರೆ ಹೊರಗಿನವರಿಗೆ ಮಳೆ, ಕಾಡು ನೆನಪಾಗುತ್ತದೆ. ಇಲ್ಲಿನ ಏಪ್ರಿಲ್ ಗೊತ್ತಿರುವುದು ಇಲ್ಲಿ ಬದುಕಿದವರಿಗೆ ಮಾತ್ರ. ಎಲೆ ಅಲುಗುವುದಿಲ್ಲ, ಬೆವರು ಆರುವುದಿಲ್ಲ. ಸಂಜೆ ಮೋಡ ಕಟ್ಟುತ್ತದೆ, ಸೆಕೆ ಇನ್ನಷ್ಟು ಏರುತ್ತದೆ, ಮಳೆ ಬೇರೆಲ್ಲೋ ಬೀಳುತ್ತದೆ. ಬಿಸಿಲು ಜೋರೆಂದು ಸರ್ಕಾರ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವುದುಂಟು. ನಮ್ಮದು ಆ ಪಟ್ಟಿಯಲ್ಲಿಲ್ಲ. ಮಲೆನಾಡು ತಂಪು ಎಂಬುದು ಎಲ್ಲರೂ ಒಪ್ಪಿಕೊಂಡ ಸಂಗತಿ.

ಅಂಥ ಒಂದು ಏಪ್ರಿಲ್‌ನಲ್ಲಿ, ಈ ಮೂರು ತಾಲೂಕುಗಳೊಳಗಿನ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕನಾಗಿದ್ದಾಗ, ಸಿಬ್ಬಂದಿಗೆ ಸುತ್ತೋಲೆ ಬಂತು. ಗಂಡಸರು ಪೂರ್ತಿ ತೋಳಿನ ಅಂಗಿ ತೊಟ್ಟು ಇನ್‌ಶರ್ಟ್ ಮಾಡಿ ಬೂಟು ಹಾಕಬೇಕು, ಹೆಂಗಸರು ಸೀರೆ ಉಡಬೇಕು. ಮರುದಿನವೇ ಹಿರಿಯ ಪ್ರಾಧ್ಯಾಪಕರೊಬ್ಬರು ಅರ್ಧ ತೋಳಿನ ಅಂಗಿ, ಚಪ್ಪಲಿಯಲ್ಲಿ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. ಯಾರೂ ಏನೂ ಅನ್ನಲಿಲ್ಲ. ಧೈರ್ಯ ಬಂದು, ಎರಡು ದಿನ ಬಿಟ್ಟು ನಾನೂ ಹಾಗೇ ಹೋದೆ. ಹೊಸದಾಗಿ ಸೇರಿದ್ದ ಜವಾನ ಬಾಗಿಲಲ್ಲೇ ತಡೆದ. “ಹಾಲ್ ಟಿಕೆಟಿಗೆ ಬಂದದ್ದಾ? ಆ ಕಿಟಕೀಲಿ ಕೊಡ್ತಾರೆ, ಲೈನಲ್ಲಿ ನಿಲ್ಲು.” ಲೈನಿನಲ್ಲಿದ್ದವರು ನನ್ನ ವಿದ್ಯಾರ್ಥಿಗಳು. ಅವರು ನಕ್ಕರು, ನಾನೂ ನಕ್ಕೆ. ಮರುದಿನದಿಂದ ಪೂರ್ತಿ ತೋಳು.

ಆವರೆಗೆ ವಸ್ತ್ರಸಂಹಿತೆ ಎಂದರೆ ಅಧಿಕಾರ ಒಂದು ಕಡೆ, ಸ್ವಾತಂತ್ರ್ಯ ಇನ್ನೊಂದು ಕಡೆ ಎಂದು ತಿಳಿದಿದ್ದೆ. ಆ ಹಿರಿಯರಿಗೂ ನನಗೂ ಒಂದೇ ನಿಯಮ, ಒಂದೇ ಸೆಕೆ. ಆದರೆ ನಿಯಮ ಮುರಿಯುವ ಬೆಲೆ ಒಂದೇ ಆಗಿರಲಿಲ್ಲ. ಅವರು ಬನಿಯನ್ನಿನಲ್ಲಿ ಬಂದರೂ ಪ್ರಾಧ್ಯಾಪಕರೇ. ನಾನು ಉಪನ್ಯಾಸಕ ಎಂಬುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಬಹುಮಟ್ಟಿಗೆ ಆ ಅಂಗಿಯೇ.

ನಿಯಮದ ಪರವಾಗಿ ಹೇಳುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಮೊದಲ ಬಸ್ಸು ಹಿಡಿದು ಒಳಹಳ್ಳಿಯಿಂದ ಬರುವ ಹುಡುಗಿಯ ಎದುರು ಮೇಷ್ಟ್ರು ಹಾಸಿಗೆಯಿಂದ ಎದ್ದ ಹಾಗೆ ನಿಲ್ಲಬಾರದು. ನಿನಗಾಗಿ ಸಿದ್ಧನಾಗಿ ಬಂದಿದ್ದೇನೆ ಎಂದು ಬಟ್ಟೆಯೂ ಹೇಳಬೇಕು. ಆದರೆ ಅದನ್ನು ಯಾವ ಬಟ್ಟೆ ಹೇಳುತ್ತದೆ ಎನ್ನುವುದು ಕಾಲಕಾಲಕ್ಕೆ ಬದಲಾಗಿದೆ. ಮೈಸೂರು ವಿಶ್ವವಿದ್ಯಾಲಯದ ಹಳೆಯ ಫೋಟೋಗಳಲ್ಲಿ ಪ್ರಾಧ್ಯಾಪಕರು ಪೇಟ, ಮುಚ್ಚುಗತ್ತಿನ ಕೋಟು, ಕಚ್ಚೆಪಂಚೆಯಲ್ಲಿ ಕುಳಿತಿದ್ದಾರೆ. ಬಿಳಿ ಪಂಚೆ ಜುಬ್ಬದ ಕುವೆಂಪು 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದರು. ನಮ್ಮ ಸುತ್ತೋಲೆಯ ಪ್ರಕಾರ ಅವರ್ಯಾರೂ ಒಳಗೆ ಬರುವಂತಿರಲಿಲ್ಲ.

ಕಾರಣವಿರುವ ನಿಯಮ ಬೇರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ಇರುವುದು ಶಿರಸಿಯಲ್ಲಿ. ಅರಣ್ಯ ಕಲಿಸುವವರಿಗೆ ಬೇಸಿಗೆಯಲ್ಲೂ ಕಾಡಿಗೆ ಹೋಗುವ ಕೆಲಸ ಬರುತ್ತದೆ. ಬೇಸಿಗೆಯೆಂದರೆ ಉಣುಗಿನ ಕಾಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಗೆ ಬಂದದ್ದು ಸಿದ್ದಾಪುರದ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಂಥ ಕಾಡಿಗೆ ಹೋಗುವಾಗ ಪೂರ್ತಿ ತೋಳು, ಕಾಲುಚೀಲ, ಬೂಟು ಹಾಕು ಎಂದರೆ ಯಾರೂ ಗೊಣಗುವುದಿಲ್ಲ. ಅಲ್ಲಿ ಆ ತೋಳು ತೊಟ್ಟವನನ್ನು ಕಾಯುತ್ತದೆ. ಕರೆಂಟು ಹೋದ ತರಗತಿಯಲ್ಲಿ ಅದೇ ತೋಳು ಯಾರನ್ನು ಕಾಯುತ್ತದೆ? (ಕರೆಂಟಿನ ಮಾತು ಬಂತೆಂದು ಹೇಳುತ್ತೇನೆ: ಕೊಡಸಳ್ಳಿ ಅಣೆಕಟ್ಟು, ವಿದ್ಯುದಾಗಾರ ಎರಡೂ ಯಲ್ಲಾಪುರ ತಾಲೂಕಿನಲ್ಲಿವೆ. ಕೋಟು ತೊಟ್ಟು ಏಸಿಯಲ್ಲಿ ಕೂರುವವರು ಇರುವುದು ಬೇರೆ ಕಡೆ.)

ಹಾಗಾದರೆ ನಿಯಮವನ್ನೇ ತೆಗೆದುಬಿಡಿ, ಅವರವರ ಮೈಗೆ ಹಿತವಾದದ್ದನ್ನು ಹಾಕಿಕೊಳ್ಳಲಿ ಎಂದು ಸ್ನೇಹಿತರು ಹೇಳುತ್ತಾರೆ. ಬಾಗಿಲಲ್ಲಿ ನಿಂತ ಆ ಬೆಳಿಗ್ಗೆಯ ನಂತರ ಈ ಮಾತು ನನಗೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಯಜಮಾನರು ಬೇಸಿಗೆಯಲ್ಲಿ ಬರಿಮೈಯಲ್ಲೇ ಜಗುಲಿಯಲ್ಲಿ ಕೂರುತ್ತಾರೆ. ನೆಂಟರು ಬಂದರೆ ಕಾಲಿಗೆ ನೀರು, ಆಸರಿಗೆ ಕೊಟ್ಟು, “ಅಂಗಿ ತೆಗ್ದು ಆರಾಮ ಕೂತ್ಕಳಿ” ಎನ್ನುತ್ತಾರೆ. ಚಂದದ ಉಪಚಾರ. ಆದರೆ ಆ ಬರಿಮೈ ಪೂರ್ತಿ ಬರಿದಲ್ಲ, ಅದರ ಮೇಲೆ ಜನಿವಾರವಿದೆ. ಅಂಗಿ ತೆಗೆದರೆ ಅಲ್ಲಿ ಗೌರವ ಕಡಿಮೆಯಾಗುವುದಿಲ್ಲ, ಹೆಚ್ಚಾಗುವುದೂ ಉಂಟು. ಅದೇ ತೋಟಕ್ಕೆ ಕೆಲಸಕ್ಕೆ ಬಂದವನ ಬರಿಮೈಯನ್ನು ಯಾರೂ ಸರಳತೆ ಎಂದು ಕರೆಯಲಿಲ್ಲ. ಅವನ ಮಗ ಡಿಗ್ರಿ ಮುಗಿಸಿ ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಅಂಗಿಯಲ್ಲಿ ಪಾಠ ಮಾಡಲು ನಿಂತರೆ, ಸೆಕೆಗೆ ಅದು ಹಿತವಲ್ಲ ಮಾರಾಯ ಎಂದು ನಾನು ಬುದ್ಧಿ ಹೇಳುವುದೆ? ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡುಬಟ್ಟೆ ಉಟ್ಟರು. ಅಂಬೇಡ್ಕರ್ ಸೂಟು ತೊಟ್ಟರು. ಎರಡನ್ನೂ ಬರೀ ಹವಾಮಾನದ ಲೆಕ್ಕದಲ್ಲಿ ನೋಡಿದರೆ ಏನೂ ಅರ್ಥವಾಗುವುದಿಲ್ಲ.

ಆದ್ದರಿಂದ ಬಟ್ಟೆ ಎಷ್ಟಿರಬೇಕು ಎನ್ನುವುದಕ್ಕಿಂತ ಮೊದಲು ಬಿಚ್ಚುವವರು ಯಾರು ಎನ್ನುವುದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ವಕೀಲರ ಪರಿಷತ್ತಿನ ನಿಯಮದಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಉಳಿದೆಡೆ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ. ವಿನಾಯಿತಿ ಕೆಳಗಿನ ಕೋರ್ಟಿಗೆ. ಆದರೂ ತಾಲೂಕು ಕೋರ್ಟಿನ ಕಿರಿಯ ವಕೀಲರು ಮೇ ತಿಂಗಳಲ್ಲೂ ಕೋಟು ಬಿಡದಿರುವುದನ್ನು ನೋಡಿದ್ದೇನೆ. ಮೇಲಿನವರು ತೊಟ್ಟಿರುವಾಗ ಕೆಳಗಿನವನಿಗೆ ಬಿಚ್ಚಬಹುದು ಎಂದರೆ, ಅದು ಅವನಿಗೆ ನೀನು ಕೆಳಗಿನವನು ಎಂದಂತೆಯೂ ಕೇಳುತ್ತದೆ. ಜಪಾನಿನಲ್ಲಿ 2005ರ ಬೇಸಿಗೆಯಲ್ಲಿ ಕಚೇರಿಗಳ ಏಸಿಯನ್ನು 28 ಡಿಗ್ರಿಗೆ ಇಟ್ಟು ಕೋಟು, ಟೈ ಬಿಡಿ ಎಂದು ಪರಿಸರ ಸಚಿವಾಲಯ ಹೇಳಿದಾಗ, ಪ್ರಧಾನಿ ಕೊಯಿಜುಮಿ ತಾವೇ ಟೈ ಇಲ್ಲದೆ ಕಾಣಿಸಿಕೊಂಡರು. ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್ 2010ರ ಏಪ್ರಿಲ್‌ನಲ್ಲಿ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ ವೇದಿಕೆಯ ಮೇಲೇ ಗೌನು ತೆಗೆದರು, ಅದನ್ನು ವಸಾಹತುಕಾಲದ ಅನಾಗರಿಕ ಪಳೆಯುಳಿಕೆ ಎಂದು ಜರೆದರು. ಅವರು ಮಂತ್ರಿ, ಆದ್ದರಿಂದ ಅದು ಸುದ್ದಿಯಾಯಿತು. ಪದವಿ ಪಡೆಯಲು ನಿಂತ ಹುಡುಗ ಅದನ್ನೇ ಮಾಡಿದ್ದರೆ ಅಶಿಸ್ತು ಆಗುತ್ತಿತ್ತು.

ಕೇರಳದಲ್ಲಿ 2021ರ ನವೆಂಬರ್‌ನಲ್ಲಿ, ಅಧ್ಯಾಪಕಿಯರಿಗೆ ಸೀರೆ ಕಡ್ಡಾಯ ಮಾಡುವಂತಿಲ್ಲ ಎಂದು ಉನ್ನತ ಶಿಕ್ಷಣ ಇಲಾಖೆ ಆದೇಶ ಹೊರಡಿಸಿತು. ಆಗಿನ ಸಚಿವೆ ಆರ್. ಬಿಂದು ತಾವು ತ್ರಿಶೂರಿನ ಕಾಲೇಜಿನಲ್ಲಿ ಪಾಠ ಮಾಡುವಾಗ ಚೂಡಿದಾರ ತೊಡುತ್ತಿದ್ದುದನ್ನು ಹೇಳಿಕೊಂಡರು. ಆದೇಶದಷ್ಟೇ ಆ ಮಾತೂ ಕೆಲಸ ಮಾಡಿರಬೇಕು.

ನನ್ನ ಹಳೆಯ ಹಿರಿಯರ ಬಗ್ಗೆ ಆಗ ಮೆಚ್ಚುಗೆಯಿತ್ತು. ಈಗ ಅರ್ಧ ಮಾತ್ರ ಉಳಿದಿದೆ. ಅವರು ತಮ್ಮ ತೋಳನ್ನು ಗಿಡ್ಡ ಮಾಡಿಕೊಂಡರು. ನಮ್ಮೆಲ್ಲರ ಪರವಾಗಿ ಪ್ರಾಂಶುಪಾಲರ ಕೋಣೆಗೆ ಹೋಗಿ ಒಂದು ಮಾತು ಆಡಲಿಲ್ಲ. ಅವರಿಗೆ ಅದು ಹೊಳೆದಿರಲಿಕ್ಕೂ ಇಲ್ಲ, ಸೆಕೆ ನೀಗಿದವನಿಗೆ ಸೆಕೆ ಮರೆತುಹೋಗುತ್ತದೆ.

ಈಗ ನನಗೆ ಬೇರೆ ಕಡೆ ಕಾಯಂ ಕೆಲಸವಿದೆ, ಅಂಗಿಯ ತೋಳೂ ಅರ್ಧ. ಕಳೆದ ಮಾರ್ಚಿನಲ್ಲಿ ಹೊಸದಾಗಿ ಬಂದ ಅತಿಥಿ ಉಪನ್ಯಾಸಕಿಯೊಬ್ಬರು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದರು: “ಚೂಡಿದಾರ ಹಾಕ್ಕೊಂಡು ಬಂದ್ರೆ ಏನಾದ್ರೂ ಅಂತಾರಾ ಸರ್?”

“ನಂದೇನೂ ಅಡ್ಡಿ ಇಲ್ಲ” ಎಂದೆ.

ಅವರು ಮರುದಿನವೂ ಸೀರೆಯಲ್ಲೇ ಬಂದರು.