ಘಾಟಿಯ ಕನ್ನಡಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಅವನ ಬೆನ್ನಿಗೆ ಪಶ್ಚಿಮಾಭಿಮುಖನಾದ ನರಸಿಂಹ. ಸಾಲಿನಲ್ಲಿ ಬಂದವರಿಗೆ ನರಸಿಂಹ ನೇರವಾಗಿ ಕಾಣುವುದಿಲ್ಲ. ಹಿಂದೆ ಇಟ್ಟ ಕನ್ನಡಿಯಲ್ಲಿ ಕಾಣುತ್ತಾನೆ. ಆ ಬಿಂಬಕ್ಕೇ ಭಕ್ತರು ಕೈಮುಗಿಯುತ್ತಾರೆ. ಕನ್ನಡಿಗೆ ಯಾರ ಹಂಗೂ ಇಲ್ಲ ಎಂಬ ನಂಬಿಕೆ ಆ ಕೈಮುಗಿಯುವಿಕೆಯಲ್ಲೇ ಇದೆ.

ಸರ್ಚ್ ಎಂಜಿನ್ ಕೂಡ ಅಂಥ ಕನ್ನಡಿಯೇ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಅದನ್ನು ಬೆಳೆಯುವ ರೈತನೊಬ್ಬ ನೇರ ಮಾರಾಟಕ್ಕೆಂದು ವೆಬ್‌ಸೈಟ್ ಮಾಡಿಸಿದ ಎಂದುಕೊಳ್ಳೋಣ. ಗೂಗಲ್‌ನ ಕ್ರಾಲರ್ ಬಂದು ಪುಟ ಓದಿ ತನ್ನ ಸೂಚಿಗೆ ಸೇರಿಸಿಕೊಳ್ಳುವವರೆಗೆ, ಅಲ್ಲಿ ಹುಡುಕುವವರ ಪಾಲಿಗೆ ಆ ತೋಟವೇ ಇಲ್ಲ. ದುಡ್ಡು ಕೊಟ್ಟರೆ ಬೇಗ ಸೇರಿಸುತ್ತಾರಾ ಎಂದು ಅವನು ಕೇಳಿದರೆ ತಪ್ಪೇನಿಲ್ಲ. ಅವನಿಗದು ಹೊಟ್ಟೆಪಾಡಿನ ಪ್ರಶ್ನೆ. ಉತ್ತರ ಕೊಡಬೇಕಾದವರಿಗೆ ಧರ್ಮದ ಪ್ರಶ್ನೆ.

ಒಂದು ಕಾಲಕ್ಕೆ ಉತ್ತರ ‘ಹೌದು’ ಎಂದೇ ಇತ್ತು. 2000ದ ದಶಕದ ಆರಂಭದಲ್ಲಿ, ತಾಣಗಳ ಪಟ್ಟಿಯಾಗಿದ್ದ ಯಾಹೂ ಡೈರೆಕ್ಟರಿ ವ್ಯಾಪಾರಿ ತಾಣಗಳಿಂದ ವರ್ಷಕ್ಕೆ 299 ಡಾಲರ್ ಪಡೆಯುತ್ತಿತ್ತು. ಆ ಹಣಕ್ಕೆ ಸಿಗುತ್ತಿದ್ದದ್ದು ಏಳು ಕೆಲಸದ ದಿನಗಳೊಳಗೆ ಪರಿಶೀಲನೆ. ಸೇರಿಸಿಯೇ ತೀರುತ್ತೇವೆಂಬ ಭರವಸೆಯಲ್ಲ. ಇಂಕ್‌ಟೋಮಿ, ಆಲ್ಟಾವಿಸ್ಟಾ ಎಂಬ ಸರ್ಚ್ ಎಂಜಿನ್‌ಗಳೂ ಸೇರ್ಪಡೆಗೆ ಶುಲ್ಕ ಪಡೆದವು. 2002ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸರ್ಚ್ ಎಂಜಿನ್ ಕಂಪನಿಗಳಿಗೆ ಪತ್ರ ಬರೆದು, ಹಣ ಪಡೆದದ್ದನ್ನು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಿ ಎಂದಿತು. ಯಾಹೂ ತನ್ನ ಸರ್ಚ್ ಎಂಜಿನ್ನಿನ ಪಾವತಿ ಸೇರ್ಪಡೆಯನ್ನು 2009ರ ಕೊನೆಗೆ ನಿಲ್ಲಿಸಿತು.

ಶುಲ್ಕದ ಪರವಾದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಪುಟ ನೋಡುವುದಕ್ಕೂ ಶ್ರಮವಿದೆ, ಖರ್ಚಿದೆ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವಿದೆ. ಬೇಗ ಹೋದವನಿಗೂ ತಡವಾಗಿ ಹೋದವನಿಗೂ ಕಾಣುವುದು ಅದೇ ವೆಂಕಟೇಶ್ವರ. ಆದರೆ ಅಲ್ಲಿ ಧರ್ಮದರ್ಶನದ ಸಾಲಿನವನಿಗೆ ಇನ್ನೊಂದು ಸಾಲು ಇರುವುದು ಗೊತ್ತು, ಅದರ ದರವೂ ಗೊತ್ತು. ಸಿಟ್ಟು ಮಾಡಿಕೊಳ್ಳಲಾದರೂ ಅವನಿಗೆ ಅವಕಾಶವಿದೆ. ಹುಡುಕಾಟದಲ್ಲಿ ಆ ಅವಕಾಶವೂ ಇಲ್ಲ. ದುಡ್ಡು ಕೊಟ್ಟ ಒಬ್ಬ ಬೆಳೆಗಾರನ ಪುಟ ವಾರದಲ್ಲಿ ಸೇರಿ, ಪಕ್ಕದ ತೋಟದವನದು ಮೂರು ತಿಂಗಳು ಹೊರಗುಳಿದರೆ, ಅಷ್ಟರಲ್ಲಿ ಹಣ್ಣಿನ ಕಾಲವೇ ಮುಗಿದಿರಬಹುದು. ಹುಡುಕಿದವನಿಗೆ ಒಬ್ಬ ಕಾಣೆಯಾಗಿದ್ದಾನೆಂಬ ಸುಳಿವೂ ಸಿಗುವುದಿಲ್ಲ. ಇಲ್ಲಿ ವಂಚನೆಯಾಗುವುದು ಇಬ್ಬರಿಗೆ: ಹೊರಗೆ ನಿಂತವನಿಗೆ, ಕನ್ನಡಿಯನ್ನು ನಂಬಿ ನೋಡಿದವನಿಗೆ.

ಸಾಲು ಮುರಿಯುವುದೇ ಪಾಪ ಎಂದೇನೂ ಅಲ್ಲ. 2023ರಲ್ಲಿ ಕರ್ನಾಟಕದ ಮುಜರಾಯಿ ಇಲಾಖೆ 65 ವರ್ಷ ದಾಟಿದವರಿಗೆ ನೇರ ದರ್ಶನ ಕೊಡಬೇಕೆಂದು ಸೂಚಿಸಿತು. ಕೋಲೂರಿಕೊಂಡು ಬಂದ ಅಜ್ಜಿಯನ್ನು ಮುಂದಕ್ಕೆ ಬಿಟ್ಟರೆ ಯಾರೂ ಗೊಣಗುವುದಿಲ್ಲ. ಅಲ್ಲಿ ಸಾಲು ಸರಿದು ದಾರಿ ಕೊಡುವುದು ಕಷ್ಟಕ್ಕೆ, ಕಾಸಿಗಲ್ಲ.

ಉಡುಪಿಯ ಕನಕನ ಕಿಂಡಿಯ ಐತಿಹ್ಯ ಇನ್ನೂ ಮುಂದೆ ಹೋಗುತ್ತದೆ. ಹೊರಗೆ ನಿಂತ ಕನಕದಾಸರಿಗಾಗಿ ಕೃಷ್ಣನೇ ತಿರುಗಿದ ಎಂಬುದು ಭಕ್ತರ ನಂಬಿಕೆ. ಒಳಗಿರುವವನೇ ಹೊರಗಿನವನ ಕಡೆ ಮುಖ ಮಾಡಬೇಕಾಯಿತು. ಸರ್ಚ್ ಎಂಜಿನ್ನಿನ ಕೆಲಸವೂ ಮೂಲತಃ ಅದೇ: ಕೊಂಡಿಯಿಂದ ಕೊಂಡಿಗೆ ನಡೆದು, ತಾನೇ ಹುಡುಕಿಕೊಂಡು ಹೋಗುವುದು. ಹುಡುಕಿ ಹೋಗುವುದಕ್ಕೇ ಕಾಣಿಕೆ ಕೇಳಿದರೆ ಅದು ಕಟ್ಟೆಯ ಮೇಲೆ ಕೂತ ಸುಂಕದವನಾಗುತ್ತದೆ. 1998ರಲ್ಲಿ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಪ್ರಬಂಧದಲ್ಲೇ, ಜಾಹೀರಾತಿನ ಹಣದಿಂದ ನಡೆಯುವ ಸರ್ಚ್ ಎಂಜಿನ್ ಜಾಹೀರಾತುದಾರರ ಕಡೆ ವಾಲುತ್ತದೆ ಎಂದು ಎಚ್ಚರಿಸಿದ್ದರು. ಅವರೇ ಕಟ್ಟಿದ ಗೂಗಲ್ ಇಂದು ಜಾಹೀರಾತಿನಿಂದಲೇ ಬದುಕುತ್ತಿದೆ. ಆದರೂ ಬೇಗ ಕ್ರಾಲ್ ಮಾಡಲು ಹಣ ಪಡೆಯುವುದಿಲ್ಲ ಎಂಬ ನಿಯಮ ಇಟ್ಟುಕೊಂಡಿದೆ. ಆ ಗೆರೆಯನ್ನು ಅದು ಎಂದೂ ದಾಟಬಾರದು.

ಹಾಗಾಗಿ ದೇವನಹಳ್ಳಿಯ ಆ ರೈತ ಯಾವ ಏಜೆಂಟನಿಗೂ ಇದಕ್ಕೆಂದು ದುಡ್ಡು ಕೊಡಬೇಕಿಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿ, ಪುಟ ಸೇರಿಸಿಕೊಳ್ಳಿ ಎಂದು ಉಚಿತವಾಗಿ ಕೋರಬಹುದು. ಆಮೇಲೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಕಾಯಬೇಕು, ಪಕ್ಕದ ತೋಟದವನ ಹಾಗೆಯೇ.