ಬುಡವಳಿದ ಆಲ



ರಜೆ ಬಂದೊಡನೆ ಮನೆಮಂದಿಯೊಡನೆ ದೇಶ ನೋಡಲು ಹೊರಡುವ ಪದ್ಧತಿ ಈಗ ನಮ್ಮಲ್ಲಿ ಬೆಳೆದಿದೆ. ಅದು ಸಂತೋಷದ ಸಂಗತಿಯೇ. ಆದರೆ ಗುಡಿಯನ್ನು ಕಂಡರೆ ಯಾತ್ರೆ, ತೋಟವನ್ನು ಕಂಡರೆ ಬರಿಯ ವಿಹಾರ ಎಂಬ ಭೇದವೊಂದು ನಮ್ಮ ಮನಸ್ಸಿನಲ್ಲಿ ನೆಲೆಗೊಂಡಿರುವುದು. ಕಾಶಿಯ ಜಂಗಮವಾಡಿ ಮಠಕ್ಕೆಂದು ಹೊರಟವರಲ್ಲಿ ಕೆಲವರು ಕಲಕತ್ತೆಯವರೆಗೂ ಹೋಗುವುದುಂಟು. ಅಂಥವರು ಹೂಗ್ಲೀ ನದಿಯನ್ನು ದಾಟಿ, ಹೌರಾದ ಶಿಬಪುರದಲ್ಲಿರುವ ಸಸ್ಯೋದ್ಯಾನವನ್ನು ನೋಡದೆ ಮರಳಬಾರದು. ಮನೆಯ ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದೊಯ್ಯಬೇಕು.

ಆಚಾರ್ಯ ಜಗದೀಶಚಂದ್ರ ಬೋಸರ ಹೆಸರನ್ನು ಆ ಉದ್ಯಾನಕ್ಕೆ ಇಟ್ಟುದು 2009ರಲ್ಲಿ. ಉದ್ಯಾನವಾದರೋ 1787ರಷ್ಟು ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ರಾಬರ್ಟ್ ಕಿಡ್ ಎಂಬಾತನು ಅದನ್ನು ಆರಂಭಿಸಿದನು. ವ್ಯಾಪಾರಕ್ಕೆ ಒದಗುವ ಗಿಡಮರಗಳನ್ನು ಬೆಳೆಸಬೇಕೆಂಬುದೇ ಆಗಿನ ಉದ್ದೇಶ. ಲಾಭದ ಲೆಕ್ಕದಿಂದ ಹುಟ್ಟಿದ ತೋಟವು ಕಾಲಕ್ರಮದಲ್ಲಿ ವಿದ್ಯೆಯ ಮನೆಯಾದುದು ವಿಚಾರಾರ್ಹವಾಗಿದೆ. ಸುಮಾರು 270 ಎಕರೆಯ ಆ ವಿಸ್ತಾರದಲ್ಲಿ ನೋಡತಕ್ಕದ್ದು ಬಹಳ. ಒಂದರಂತೆ ಇನ್ನೊಂದು ಎಲೆಯಿಲ್ಲದ ಮರವೊಂದುಂಟು. ಜನರು ಅದನ್ನು ಹುಚ್ಚು ಮರವೆನ್ನುವರು. ಮಕ್ಕಳೆಲ್ಲ ಒಂದೇ ಅಚ್ಚಿನಲ್ಲಿ ಇರಬೇಕೆನ್ನುವ ತಂದೆತಾಯಿಗಳು ಅದರಡಿ ಸ್ವಲ್ಪ ಹೊತ್ತು ನಿಲ್ಲಲಿ.

ಆದರೆ ನಮ್ಮ ಮಾತು ಅಲ್ಲಿಯ ಮಹಾ ಆಲದ ವಿಷಯವಾಗಿದೆ. ಅದರ ವಯಸ್ಸು 250 ವರ್ಷಗಳನ್ನು ಮೀರಿದುದೆಂದು ಎಣಿಸುವರು. 1864 ಮತ್ತು 1867ರ ಚಂಡಮಾರುತಗಳಲ್ಲಿ ಅದರ ದೊಡ್ಡ ಕೊಂಬೆಗಳು ಮುರಿದವು. ಗಾಯದೊಳಗೆ ಬೂಷ್ಟು ಹೊಕ್ಕಿತು. ನಡುವಣ ಬುಡ ಕೊಳೆಯತೊಡಗಿತು. ಉಳಿದ ಭಾಗಕ್ಕೂ ಕೇಡು ತಗಲಬಾರದೆಂದು 1925ರಲ್ಲಿ ಆ ಮೂಲ ಬುಡವನ್ನೇ ಕಡಿದು ತೆಗೆದರು. ಐವತ್ತು ಅಡಿಯ ಸುತ್ತಳತೆಯ ಬುಡವದು! ಬೇರೆ ಮರವಾಗಿದ್ದರೆ ಅಂದೇ ಅದರ ಕಥೆ ಮುಗಿಯುತ್ತಿತ್ತು. ಇದು ಮುಗಿಯಲಿಲ್ಲ. ಬಿಳಲುಗಳು ನೆಲವನ್ನು ಹಿಡಿದು ಕಂಬಗಳಾಗಿ ನಿಂತಿದ್ದವು; ಈಗ ಅವು ಮೂರು ಸಾವಿರಕ್ಕೂ ಮಿಕ್ಕಿವೆ. ಇಂದಿಗೆ ಅದು ನಾಲ್ಕು ಎಕರೆಗೂ ಹೆಚ್ಚು ನೆಲವನ್ನು ಆವರಿಸಿದೆ. ಸುತ್ತಲೂ ಹಾಕಿದ ರಸ್ತೆಯನ್ನೂ ದಾಟಿ ಮುಂದಕ್ಕೆ ಹಬ್ಬಿದೆ. 2020ರ ಅಂಫಾನ್ ಚಂಡಮಾರುತವು ಅದನ್ನು ಘಾಸಿಗೊಳಿಸಿತು, ಕೆಡಹಲಿಲ್ಲ.

ಮರವೆಂದರೆ ಸ್ಥಾವರಕ್ಕೆ ನಿದರ್ಶನ. ಇದ್ದಲ್ಲಿಯೇ ಇರುವುದು ಅದರ ಸ್ವಭಾವ. ಆದರೆ ಈ ಮರ ಹುಟ್ಟಿದ ಜಾಗವನ್ನು ಬರಿದಾಗಿ ಬಿಟ್ಟು ಹೊರಹೊರಗೆ ನಡೆದಿದೆ. ಜಂಗಮವೆಂಬ ಮಾತಿಗೆ ಇದಕ್ಕಿಂತ ಕಣ್ಣಿಗೆ ಕಾಣುವ ಅರ್ಥವನ್ನು ನಾವು ಎಲ್ಲಿಂದ ತರೋಣ? ಕಲ್ಯಾಣದಲ್ಲಿ ಕ್ಷೋಭೆಯಾದಾಗಲೂ ಹೀಗೆಯೇ ಆಯಿತಲ್ಲವೇ? ಬುಡವೇ ಉರುಳಿತೆಂದು ಲೋಕ ತಿಳಿಯಿತು. ಶರಣರು ಉಳವಿಯ ಕಡೆಗೆ, ಇನ್ನೂ ಹಲವು ದಿಕ್ಕಿಗೆ ಚದುರಿದರು. ಹೋದಲ್ಲಿ ನೆಲ ಹಿಡಿದರು.

ಗೃಹಸ್ಥರು ಬಿಳಲಿನ ಬಾಳನ್ನು ಚೆನ್ನಾಗಿ ಗಮನಿಸಬೇಕು. ಕೊಂಬೆಯಿಂದ ಇಳಿಯುವಾಗ ಅದು ದಾರದಂತೆ ಸಣ್ಣದು; ಗಾಳಿ ಬಂದರೆ ತೂಗಾಡುವುದು, ದನ ಬಾಯಿ ಹಾಕಿದರೆ ಹೋಗುವುದು. ನೆಲ ಮುಟ್ಟಿ ಬೇರು ಬಿಟ್ಟ ಮೇಲೆ ದಪ್ಪವಾಗಿ, ತನ್ನನ್ನು ಹೆತ್ತ ಕೊಂಬೆಯನ್ನೇ ಹೊತ್ತು ನಿಲ್ಲುವುದು. ಕೆಲವು ಮನೆಗಳಲ್ಲಿ ಯಜಮಾನನು ಬದುಕಿರುವತನಕ ಯಾರೂ ನೆಲ ಮುಟ್ಟುವಂತಿಲ್ಲ. ಲೆಕ್ಕ ಅವನದು, ಬೀಗದ ಕೈ ಅವನದು, ಸೊಸೆ ತವರಿಗೆ ಹೋಗುವ ದಿನವೂ ಅವನು ಹೇಳಿದ್ದೇ. ನಲವತ್ತು ತುಂಬಿದ ಮಗ ತೂಗಾಡುತ್ತಲೇ ಇರುವನು. ಇದನ್ನು ಅವರು ಪ್ರೀತಿಯೆಂದು ಕರೆಯುವರು! ಯಜಮಾನನು ಲಿಂಗೈಕ್ಯನಾದ ವರ್ಷದೊಳಗೆ ಆ ಮನೆ ಕೋರ್ಟಿನ ಮೆಟ್ಟಿಲೇರುವುದನ್ನು ನೀವೂ ಕಂಡಿರುವಿರಿ. ಮಕ್ಕಳಿಗೆ ಅವರದೇ ಆದ ಕಾಯಕ ಬೇಕು. ತಪ್ಪುವ ಸ್ವಾತಂತ್ರ್ಯವೂ ಬೇಕು. ಮಗಳಿಗೂ ಅಷ್ಟೇ. ದೂರದ ಊರಿನಲ್ಲಿ ಬೇರೂರಿದವಳು ಮನೆಯಿಂದ ಕಡಿದುಹೋದವಳಲ್ಲ. ಕೊಂಬೆ ಅಷ್ಟು ದೂರ ಚಾಚಿದೆಯೆಂದು ತಿಳಿಯಬೇಕು. ನೆಲ ಹಿಡಿದ ಮಕ್ಕಳಿಗೂ ಒಂದು ಮಾತು: ಕಂಬವಾದ ಬಿಳಲು ಮೇಲಣ ಕೊಂಬೆಯ ಭಾರವನ್ನು ಹೊರಲಾರೆನೆನ್ನುವುದಿಲ್ಲ.

ಕಲಕತ್ತೆ ದೂರವಾಯಿತೆನ್ನುವವರಿಗೆ ಬೆಂಗಳೂರಿನ ಸಮೀಪದ ಕೇತೋಹಳ್ಳಿಯಲ್ಲಿ ದೊಡ್ಡ ಆಲದ ಮರವಿದೆ. ಅದರ ಮೂಲ ಬುಡವೂ ರೋಗದಿಂದ ಅಳಿದುದೇ. ಮರ ಸುಮಾರು ಮೂರು ಎಕರೆಯಲ್ಲಿ ಹಬ್ಬಿದೆ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಮೊದಲ ಬುಡ ಎಲ್ಲಿತ್ತೆಂದು ಮಕ್ಕಳೇ ಹುಡುಕಲಿ. ಕೋತಿಗಳ ಕಾಟವುಂಟು, ಬುತ್ತಿಯ ಗಂಟಿನ ಮೇಲೆ ಅಜ್ಜಿಯ ಕಣ್ಣಿರಲಿ.