ಅನುಮಾನದ ಹೊಣೆ

ಮಾಸ್ತರಿಕೆಯ ದಿನಗಳಲ್ಲಿ ಒಮ್ಮೆ ನಾನು ದುಭಾಷಿಯಾಗಿದ್ದೆ. ಕೊಲೆಯತ್ನದ ಆರೋಪ ಹೊತ್ತ ಕೂಲಿಯಾಳೊಬ್ಬನನ್ನು ಮನೋವೈದ್ಯರು ಪರೀಕ್ಷಿಸಬೇಕಿತ್ತು. ಅವನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು, ವೈದ್ಯರಿಗೆ ಮಲೆಯಾಳ. ಎರಡೂ ಬಲ್ಲವನೆಂದು ನನ್ನನ್ನು ಕರೆಸಿದರು. ಕೆಲವು ವರ್ಷಗಳ ಹಿಂದೆ ಕಲ್ಲಿನ ಕೋರೆಯಲ್ಲಿ ದರೆ ಕುಸಿದು ಅವನ ಜೊತೆಗಾರ ಕಣ್ಣೆದುರೇ ಮಣ್ಣಿನಡಿ ಸತ್ತಿದ್ದನಂತೆ. ಅಂದಿನಿಂದ ಹಿಂದಿನಿಂದ ಯಾರಾದರೂ ಬಂದರೆ ಬೆಚ್ಚಿ ಕೈಯೆತ್ತುತ್ತಿದ್ದ. ಕತ್ತಿ ಬೀಸಿದ್ದೂ ಹಾಗೆಯೇ, ಬೀಸಿದ್ದು ನೆನಪಿಲ್ಲ ಎಂಬುದು ಅವನ ಮಾತು.

“ರಾತ್ರಿ ಏನು ಕಾಣಿಸುತ್ತದೆ?” ಎಂದು ವೈದ್ಯರು ಕೇಳಿದರು. ಅವನು ತುಂಬ ಹೊತ್ತು ಸುಮ್ಮನಿದ್ದ. “ಕಾಣುವುದು... ಕಾಣುವುದಲ್ಲ ಮಾಷ್ಟ್ರೆ. ಬಾಯೊಳಗೆ ಮಣ್ಣು” ಎಂದ. ನಾನದನ್ನು, “ಮಣ್ಣು ಕುಸಿಯುವ ಕನಸು ಬೀಳುತ್ತದಂತೆ” ಎಂದು ಚೊಕ್ಕ ಮಲೆಯಾಳದಲ್ಲಿ ಹೇಳಿದೆ. ತೊದಲನ್ನು ತಿದ್ದುವುದು ಪಾಠ ಹೇಳುವವನ ಚಾಳಿ. ಹೊರಗೆ ಬಂದ ಮೇಲೆ ವೈದ್ಯರು, “ಮಾಷೇ, ಇವನ ಉತ್ತರಗಳು ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿವೆ. ಯಾರೋ ಕಲಿಸಿಕೊಟ್ಟ ಹಾಗಿದೆ” ಎಂದರು. ಕಲಿಸಿಕೊಟ್ಟವನು ಅವರ ಎದುರೇ ನಿಂತಿದ್ದ. ನಾನು ಬಾಯಿ ಬಿಡಲಿಲ್ಲ.

ಆ ಮೌನವೇ ನನ್ನನ್ನು ಈ ವಿಷಯದ ಪುಸ್ತಕಗಳ ಕಡೆಗೆ ತಳ್ಳಿತು. ಔಷಧ ಕೊಡುವ ವೈದ್ಯ ರೋಗಿಯನ್ನು ನಂಬಿಯೇ ತೊಡಗಬೇಕು. ನ್ಯಾಯಾಲಯಕ್ಕೆ ವರದಿ ಬರೆಯುವವನು ಅನುಮಾನಿಸಲೇಬೇಕು. ಕಾನೂನು ಕೇಳುವುದು ಕೃತ್ಯದ ಆ ಗಳಿಗೆಯಲ್ಲಿ ಮನಸ್ಸು ಹೇಗಿತ್ತು ಎಂದು. ಹಿಂದೆ ದಂಡಸಂಹಿತೆಯ 84ನೆಯ ಕಲಮು, 2024ರ ಜುಲೈಯಿಂದ ನ್ಯಾಯಸಂಹಿತೆಯ 22ನೆಯದು. ರುಜುವಾತಿನ ಹೊರೆ ಆರೋಪಿಯದೇ. ವೈದ್ಯ ಅವನನ್ನು ನೋಡುವುದು ಎಷ್ಟೋ ವೇಳೆ ತಿಂಗಳುಗಳು ಕಳೆದ ಮೇಲೆ.

ಮರೆವಿನ ನಟನೆಯನ್ನು ಹಿಡಿಯಲು ಒಂದು ಉಪಾಯವಿದೆ. ಕೆಲವು ಚಿತ್ರ ತೋರಿಸಿ, ಬಳಿಕ ಎರಡೆರಡನ್ನು ಮುಂದಿಟ್ಟು, ನೋಡಿದ್ದು ಯಾವುದೆಂದು ಕೇಳುವುದು. ಏನೂ ನೆನಪಿಲ್ಲದವನೂ ಸುಮ್ಮನೆ ಬೊಟ್ಟು ಮಾಡಿದರೆ ಸುಮಾರು ಅರ್ಧ ಸರಿಯಾಗುತ್ತದೆ. ಅದಕ್ಕಿಂತ ಬಹಳ ಕಡಮೆಯಾದರೆ, ಸರಿಯುತ್ತರ ಗೊತ್ತಿದ್ದೇ ತಪ್ಪಿಸುತ್ತಿದ್ದಾನೆಂದು ಅರ್ಥ. ಜಾಣ ಉಪಾಯವೇ. ಆದರೆ ನಟಿಸುವವನಿಗೆ ನಿಜವಾದ ನೋವೂ ಇರಬಾರದೆಂದೇನಿಲ್ಲ. ನಂಬಲಾರರೆಂಬ ಹೆದರಿಕೆಯಿಂದ ಇದ್ದ ನೋವನ್ನೇ ದೊಡ್ಡದು ಮಾಡಿ ಹೇಳುವುದನ್ನು ನಮ್ಮ ಮನೆಗಳಲ್ಲೇ ಕಂಡಿಲ್ಲವೆ?

ಮೊದಲ ಮಹಾಯುದ್ಧದಲ್ಲಿ ನಡುಕ ಹತ್ತಿದ, ಮಾತು ನಿಂತ ಸೈನಿಕರನ್ನು ವಿಯೆನ್ನಾದಲ್ಲಿ ವಿದ್ಯುತ್ ಹಾಯಿಸಿ ‘ಗುಣಪಡಿಸು’ತ್ತಿದ್ದರು. ಕೌಡರ್ಸ್ ಎಂಬ ಸೇನಾಧಿಕಾರಿ ಪ್ರಸಿದ್ಧ ವೈದ್ಯ ವಾಗ್ನರ್-ಯೌರೆಗ್ ಮೇಲೆ ದೂರು ಕೊಟ್ಟ. 1920ರಲ್ಲಿ ವಿಚಾರಣೆ ನಡೆದಾಗ ಫ್ರಾಯ್ಡ್ ತಜ್ಞನಾಗಿ ಅಭಿಪ್ರಾಯ ಕೊಟ್ಟರು: ಬೇಕೆಂದೇ ನಟಿಸಿದವರು ಕೆಲವರೇ, ಚಿಕಿತ್ಸೆಯ ಗುರಿ ರೋಗಿಯ ಆರೋಗ್ಯವಾಗಿರದೆ, ಅವನನ್ನು ಮತ್ತೆ ರಣರಂಗಕ್ಕೆ ಕಳುಹಿಸುವುದಾಗಿತ್ತು. ವಾಗ್ನರ್-ಯೌರೆಗ್ ದೋಷಮುಕ್ತರಾದರು. 1927ರಲ್ಲಿ ಬೇರೊಂದು ಸಂಶೋಧನೆಗಾಗಿ ನೊಬೆಲ್ ಪಾರಿತೋಷಕವೂ ಬಂತು. ಅವರನ್ನು ರಾಕ್ಷಸನೆಂದು ನಾನು ಎಣಿಸುವುದಿಲ್ಲ; ಅನುಮಾನಿಸುವುದು ಅವರಿಗೆ ಅಭ್ಯಾಸವಾಗಿತ್ತು, ಅಷ್ಟೆ.

ನಟನೆಯ ಪ್ರಶ್ನೆಗಿಂತಲೂ ಕಠಿಣವಾದದ್ದು ಇನ್ನೊಂದು: ಈತ ಮುಂದೆ ಯಾರಿಗಾದರೂ ಅಪಾಯ ಮಾಡಿಯಾನೆ? ನ್ಯೂಯಾರ್ಕಿನ ಜಾನಿ ಬ್ಯಾಕ್ಸ್‌ಟ್ರಮ್ ಎಂಬ ಕೈದಿಯ ಶಿಕ್ಷೆ 1961ರ ಡಿಸೆಂಬರಿನಲ್ಲಿ ಮುಗಿದಿತ್ತು. ಆದರೂ ಅಪಾಯಕಾರಿ ಹುಚ್ಚರ ಆಸ್ಪತ್ರೆಯಿಂದ ಅವನನ್ನು ಬಿಡಲಿಲ್ಲ. 1966ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅದು ತಪ್ಪೆಂದಿತು. ಅವನಂತೆ ಕೂಡಿಹಾಕಿದ್ದ 967 ಮಂದಿಯನ್ನು ಸಾಮಾನ್ಯ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಎಲ್ಲರಿಗೂ ದಿಗಿಲು. ಸ್ಟೆಡ್‌ಮನ್, ಕೊಕೊಜಾ ಎಂಬಿಬ್ಬರು ವರ್ಷಗಳ ಕಾಲ ಅವರ ಬೆನ್ನುಹತ್ತಿ ನೋಡಿದರು. ಹಳೆಯ ಕಾವಲಿಗೆ ಮರಳಬೇಕಾದವರು ಬಹಳ ಕಡಮೆ. ವೈದ್ಯರ ಭವಿಷ್ಯವಾಣಿ ಹೆಚ್ಚಿನವರ ಪಾಲಿಗೆ ಸುಳ್ಳಾಗಿತ್ತು.

ಬಾಗಿಲು ತೆರೆಯದೆ ಇದ್ದಿದ್ದರೆ? ಒಳಗೆ ಶಾಂತವಾಗಿದ್ದರೆ ಅದು ಬೀಗದ ಪುಣ್ಯ. ಕೂಗಾಡಿದರೆ ವೈದ್ಯರು ಹೇಳಿದ್ದೇ ನಿಜ. ಸುಳ್ಳನನ್ನು ನಂಬಿ ಬಿಟ್ಟರೆ ಆ ತಪ್ಪು ನಾಳೆ ಪತ್ರಿಕೆಯಲ್ಲಿ ಬರುತ್ತದೆ, ವೈದ್ಯರ ಹೆಸರು ಸಮೇತ. ನಿಜ ಹೇಳಿದವನನ್ನು ನಂಬದೆ ಹೋದ ತಪ್ಪು ಎಲ್ಲಿಯೂ ಬರುವುದಿಲ್ಲ. ಹಾಗಾಗಿ ಅನುಮಾನಿಸುವವನು ತಾನು ಸದಾ ಸರಿಯೆಂದೇ ತಿಳಿದಿರುತ್ತಾನೆ. ಇಲ್ಲಿ ನನಗೆ ಸುಲಭದ ಉತ್ತರವಿಲ್ಲ. ಕತ್ತಿಯೇಟು ತಿಂದವನಿಗೂ ಹೆಂಡತಿ ಮಕ್ಕಳಿದ್ದರು. ಅವನ ಭುಜ ಮತ್ತೆ ನೆಟ್ಟಗಾಗಲಿಲ್ಲ. ಅವನಿಗೆ ರಕ್ಷಣೆ ಬೇಡವೆಂದು ಯಾರು ಹೇಳಿಯಾರು? ಆದರೆ ಕಾಣದ ತಪ್ಪನ್ನೂ ತಪ್ಪೆಂದೇ ಲೆಕ್ಕಕ್ಕೆ ಹಿಡಿಯಬೇಕು. ತನ್ನ ಅನುಮಾನ ಯಾವುದರ ಮೇಲೆ ನಿಂತಿದೆಯೆಂದು ವರದಿಯಲ್ಲೇ ಬರೆಯಬೇಕು. ಅಂದು ಬರೆದಿದ್ದರೆ, ಅದು ನಿಂತಿದ್ದು ನನ್ನ ವ್ಯಾಕರಣದ ಮೇಲೆ ಎಂದು ಬರೆಯಬೇಕಾಗುತ್ತಿತ್ತು.

ಆ ಮೊಕದ್ದಮೆ ಏನಾಯಿತೆಂದು ನಾನು ವಿಚಾರಿಸಲಿಲ್ಲ. ಧೈರ್ಯ ಬರಲಿಲ್ಲ. ಆಮೇಲೆ ಎರಡು ಮೂರು ಸಲ ಅಂಥದೇ ಕೆಲಸಕ್ಕೆ ಕರೆ ಬಂತು, ಹೋದೆ. ಒಂದು ಸಲ ಹೆಂಗಸೊಬ್ಬಳು ಪ್ರಶ್ನೆಗೆ ಉತ್ತರ ಕೊಡದೆ ಸೆರಗಿನ ಚುಂಗು ಹಿಂಡುತ್ತ ಕೂತಳು. “ಏನಂದಳು ಮಾಷೇ?” ಎಂದು ವೈದ್ಯರು ಕೇಳಿದರು. “ಏನೂ ಹೇಳಲಿಲ್ಲ. ಸೆರಗು ಹಿಂಡುತ್ತಿದ್ದಾಳೆ. ಹಾಗೆಯೇ ಬರೆದುಕೊಳ್ಳಿ” ಎಂದೆ.